ಮೇಯರ್ ಚುನಾವಣೆಯ ದಿನ ಪುಟ್ಟತಾಯಮ್ಮ

ಬೋಗಾದಿಯ ಪುಟ್ಟತಾಯಮ್ಮನ ಇಡ್ಲಿ ಮೆಸ್ಸಿಗೆ ಬೋರ್ಡಿಲ್ಲ. ಬೆಳಗ್ಗೆ ಯಾವ ಮನೆಯ ಮುಂದೆ ಚಪ್ಪಲಿ ರಾಶಿ ಬಿದ್ದಿರುತ್ತದೋ ಅದೇ ಮೆಸ್ಸು. ಗಾರೆ ಕೆಲಸದವರು, ಬಾಡಿಗೆ ರೂಮಿನ ಕಾಲೇಜು ಹುಡುಗರು, ಹಿಂದಿನ ಕ್ರಾಸಿನ ಹೆಂಗಸರು ಎಲ್ಲರೂ ಅಲ್ಲೇ.

ವಾರ್ಡು ಮಹಿಳೆಯರಿಗೆ ಮೀಸಲಾದಾಗ ಇವರೆಲ್ಲ ಸೇರಿ ಅವಳನ್ನು ಪಕ್ಷೇತರಳಾಗಿ ನಿಲ್ಲಿಸಿದರು. ನಲವತ್ತೊಂದು ಮತಗಳಿಂದ ಗೆಲ್ಲಿಸಿಯೂ ಬಿಟ್ಟರು. ಅಂದು ಸಾಂಬಾರಿನ ಸೌಟು ಹಿಡಿದುಕೊಂಡೇ ಅವಳು ಒಂದು ಮಾತು ಕೊಟ್ಟಳು. "ಪಾಲಿಕೇಲಿ ಕೈ ಎತ್ತೋಕ್ ಮುಂಚೆ ಇಲ್ಲಿ ನಿಮ್ಮನ್ನ ಕೇಳ್ತೀನಿ. ಇಲ್ಲಿ ಯಾವ ಕಡೆ ಕೈ ಜಾಸ್ತಿಯೋ, ಅಲ್ಲಿ ನಂದೂ ಆ ಕಡೆಗೇ."

ಒಂದು ವರ್ಷ ಹಾಗೆಯೇ ನಡೆಯಿತು. ಚರಂಡಿಯಿರಲಿ, ಬೀದಿದೀಪವಿರಲಿ, ಮೆಸ್ಸಿನಲ್ಲಿ ಕೇಳದೆ ಅವಳು ಸಭೆಯಲ್ಲಿ ಕೈ ಎತ್ತಿದ್ದಿಲ್ಲ. ಎಣಿಸುವಾಗ ತಾನು ಮಾತ್ರ ಕೈ ಎತ್ತುತ್ತಿರಲಿಲ್ಲ.

ಅಷ್ಟರಲ್ಲಿ ಮೇಯರ್ ಚುನಾವಣೆ ಬಂತು. ಮೈಸೂರಿನ ಮೇಯರನ್ನು ಆರಿಸುವವರು ಪಾಲಿಕೆಯ ಸದಸ್ಯರು, ಜೊತೆಗೆ ಶಾಸಕರು, ಸಂಸದರು. ಅದೂ ತುಂಬಿದ ಸಭೆಯಲ್ಲಿ, ಎಲ್ಲರೆದುರು ಕೈ ಎತ್ತಿ. ಕಣದಲ್ಲಿದ್ದವರು ಇಬ್ಬರು, ಸುದರ್ಶನ ಮತ್ತು ಅನುಪಮಾ. ಇಬ್ಬರ ಬಲವೂ ಹೆಚ್ಚುಕಡಿಮೆ ಸಮ. ಪುಟ್ಟತಾಯಮ್ಮನ ಒಳಮನಸ್ಸು ಅನುಪಮಾ ಕಡೆಗಿತ್ತು. ಮೊದಲ ಸಭೆಯ ದಿನ ಮೈಕಿನ ಸ್ವಿಚ್ಚು ಸಿಗದೆ ಅವಳು ತಡಕಾಡುತ್ತಿದ್ದಾಗ ಎಲ್ಲರೂ ನಕ್ಕಿದ್ದರು. ಎದ್ದು ಬಂದು ಸ್ವಿಚ್ಚು ಒತ್ತಿಕೊಟ್ಟವರು ಅನುಪಮಾ ಒಬ್ಬರೇ.

ಚುನಾವಣೆಗೆ ಎರಡು ದಿನ ಮೊದಲು ಸುದರ್ಶನನ ಕಡೆಯ ಸುಂದರೇಶ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ.

"ಅಮ್ಮ, ಸದಸ್ಯರಿಗೆಲ್ಲ ತರಬೇತಿ ಐತೆ. ಇಲವಾಲದಾಚೆ. ಹತ್ತಿ."

ಪುಟ್ಟತಾಯಮ್ಮ ನಂಬಿದಳು. ಹೊಸ ನೋಟ್‌ಬುಕ್ಕು, ಎರಡು ಪೆನ್ನು ಚೀಲಕ್ಕೆ ಹಾಕಿಕೊಂಡಳು. ಅವಳ ಗಂಡ ಆಟೋ ಮಹದೇವು ಕಾರಿನ ಸುತ್ತ ಒಂದು ಸುತ್ತು ಬಂದು, "ನನ್ನ ಡ್ರೈವಿಂಗ್ ತರಬೇತಿಗೆ ಬಸ್ ಚಾರ್ಜೂ ಕೊಟ್ಟಿರ್ಲಿಲ್ಲ ಕಣಮ್ಮಿ, ನಿಂಗೆ ಎಸಿ ಕಾರು!" ಎಂದ. ಎರಡು ದಿನ ಮೆಸ್ಸು ನೋಡಿಕೊಳ್ಳುವ ಕೆಲಸ ಅವನ ತಲೆಗೆ ಬಿತ್ತು.

ಅದೊಂದು ರೆಸಾರ್ಟು. ಒಳಗೆ ಹೋದ ಕೂಡಲೇ ಸುಂದರೇಶ ಎಲ್ಲರ ಫೋನುಗಳನ್ನೂ ಇಸಿದುಕೊಂಡ. ಉಳಿದ ಸದಸ್ಯರು ಇಸ್ಪೀಟಿಗೆ ಕುಳಿತರು. ಪುಟ್ಟತಾಯಮ್ಮ ನೋಟ್‌ಬುಕ್ಕಿಗೆ ಮಾರ್ಜಿನ್ ಎಳೆದು, ತಾರೀಕು ಬರೆದು, ಸಭಾಂಗಣದ ಮೊದಲ ಸಾಲಿನಲ್ಲಿ ಕಾದಳು. ಸಂಜೆಯಾದರೂ ಯಾರ ಸುಳಿವೂ ಇಲ್ಲ.

"ಮೇಷ್ಟ್ರು ಎಷ್ಟೊತ್ತಿಗೆ ಬತ್ತಾರೆ?" ಎಂದು ಕೇಳಿದಳು.

ಇಡೀ ಸಭಾಂಗಣವೇ ನಕ್ಕಿತು. ಇನ್ನೊಬ್ಬ ಸದಸ್ಯೆ ಕಮಲ ಹತ್ತಿರ ಬಂದು ಪಿಸುಗುಟ್ಟಿದರು. "ಯಾವ ಮೇಷ್ಟ್ರೂ ಇಲ್ಲ ಕಣ್ರೀ. ನಾವು ಆ ಕಡೆಗೆ ಹೋಗದೇ ಇರಲಿ ಅಂತ ಕೂಡಿಹಾಕಿದ್ದಾರೆ. ನಾಡಿದ್ದು ಇಲ್ಲಿಂದ ಬಸ್ಸಲ್ಲಿ ನೇರ ಸಭೆಗೆ, ಸುದರ್ಶನಂಗೆ ಕೈ ಎತ್ತೋಕೆ."

ಪುಟ್ಟತಾಯಮ್ಮ ನೋಟ್‌ಬುಕ್ಕು ಮುಚ್ಚಿದಳು. ಮೆಸ್ಸಿನಲ್ಲಿ ಇನ್ನೂ ಕೇಳಿಯೇ ಇಲ್ಲವಲ್ಲ! ಮಾರನೆಯ ದಿನವೆಲ್ಲ ಮನೆಗೆ ಬಿಡಿ ಎಂದು ಕೇಳಿಕೊಂಡಳು. ಸುಂದರೇಶ "ಆಯ್ತಮ್ಮ, ಆಯ್ತಮ್ಮ" ಎನ್ನುತ್ತಲೇ ದಿನ ಕಳೆದ.

ಚುನಾವಣೆಯ ದಿನ ಬೆಳಕು ಹರಿಯುತ್ತಿದ್ದಂತೆ ಚೀಲ ಹೆಗಲಿಗೇರಿಸಿ ಗೇಟಿಗೆ ಬಂದಳು. ಕಾವಲುಗಾರ ಮರಿಯಯ್ಯ ಸ್ಟೂಲಿನಿಂದ ಎದ್ದ.

"ಯಾರ್ನೂ ಬುಡಬ್ಯಾಡ ಅಂದವ್ರೆ ಕಣವ್ವ."

"ಅಂಗಂತ ಬರ್ಕೊಟ್ಟವ್ರಾ? ಚೀಟಿ ತೋರ್ಸಿ."

"ಚೀಟಿ ಎಲ್ಲೈತೆ? ಬಾಯ್ಮಾತು."

"ಪೊಲೀಸ್ನೋರೇ ಒಬ್ರನ್ನ ಹಿಡ್ಕಂಡ್ರೂ ಯಾಕೆ ಅಂತ ಯೋಳ್ಬೇಕು. ನಾನೇನು ಕಳ್ಳತನ ಮಾಡಿದ್ನಾ? ನನ್ನ ತಡ್ದಿದ್ದು ಯಾರು ಅಂತ ಕೇಳಿದ್ರೆ ನಿಮ್ಮ ಹೆಸ್ರು ಯೋಳ್ಲೋ, ಸುಂದರೇಶಂದು ಯೋಳ್ಲೋ?"

ಮರಿಯಯ್ಯ ರೆಸಾರ್ಟಿನ ಕಡೆ ಒಮ್ಮೆ ನೋಡಿದ, ಅವಳ ಕಡೆ ಒಮ್ಮೆ ನೋಡಿದ. ಆಮೇಲೆ ಚಿಲಕ ಸರಿಸಿ, "ಹಾಲಿನ ವ್ಯಾನ್ ಬರೋ ಹೊತ್ತು. ಗೇಟ್ ತೆಗೀಲೇಬೇಕಲ್ಲ," ಎಂದು ಮುಖ ಆಚೆಗೆ ತಿರುಗಿಸಿದ.

ಪುಟ್ಟತಾಯಮ್ಮ ಓಡಿದಳು. ಐವತ್ತೆರಡು ವರ್ಷದ ಕಾಲುಗಳು ಇಷ್ಟು ಜೋರಾಗಿ ಓಡಬಲ್ಲವೆಂದು ಅವಳಿಗೇ ಗೊತ್ತಿರಲಿಲ್ಲ. ಇಲವಾಲದಲ್ಲಿ ಬಸ್ಸು ಹತ್ತಿ, ರಿಂಗ್ ರಸ್ತೆಯಲ್ಲಿ ಇಳಿದು, ಆಟೋ ಹಿಡಿದು ಮೆಸ್ಸು ತಲುಪಿದಾಗ ಏಳೂವರೆ. ಒಳಗೆ ಗಲಾಟೆಯೋ ಗಲಾಟೆ.

"ಬಂದ್ಬುಟ್ಲು ಕಣ್ರೋ!" ಎಂದು ಮಹದೇವು ಸೌಟು ಎತ್ತಿ ಕೂಗಿದ.

"ಅಕ್ಕ, ಮೊದ್ಲು ಅಡುಗೆ ಮನೆಗೋಗು," ಎಂದ ಒಬ್ಬ ಗಾರೆಯವನು. "ಈವಯ್ಯನ ಇಡ್ಲಿ ಪಾಯಕ್ಕೆ ಹಾಕ್ಬೋದು."

ನಗು ಇಳಿಯುವ ಮುಂಚೆಯೇ ಅವಳು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. "ಈಗ ನೀವು ಹೇಳಿ. ಸುದರ್ಶನೋ, ಅನುಪಮಾನೋ?"

"ಕೂಡಾಕ್ದೋರ್ಗೆ ಓಟಾ ಆಂಟಿ? ಅನುಪಮಾ ಮೇಡಮ್ಮೇ ಸರಿ. ಲೈಬ್ರರಿ ಮಾಡಿಸ್ತಾರಂತೆ," ಎಂದ ಒಬ್ಬ ಕಾಲೇಜು ಹುಡುಗ.

ಹಿಂದಿನ ಕ್ರಾಸಿನ ಮಾದೇವಮ್ಮ ತಿರುಗಿಬಿದ್ದಳು. "ನಮ್ಮ ಕ್ರಾಸಿಗೆ ಪೈಪ್ ಹಾಕ್ಸಿದ್ದು ಸುದರ್ಶನ ಕಣೋ. ವಾರಕ್ಕೊಂದು ಸ್ನಾನ ಮಾಡೋ ನಿಂಗೆ ನೀರಿನ ಕಷ್ಟ ಏನ್ ಗೊತ್ತು? ಕೂಡಾಕಿದ್ದು ತಪ್ಪು. ಅದುಕ್ಕೆ ಬೈಯವ್ವ, ನಾನೂ ಬತ್ತೀನಿ ಬೈಯಕ್ಕೆ. ಆದ್ರೆ ನೀರು ನೀರೇ."

ಕೈಗಳು ಎದ್ದವು. ಪುಟ್ಟತಾಯಮ್ಮ ಎರಡೆರಡು ಸಲ ಎಣಿಸಿದಳು. ಸುದರ್ಶನನಿಗೆ ಮೂವತ್ನಾಲ್ಕು, ಅನುಪಮಾಗೆ ಇಪ್ಪತ್ತೊಂಬತ್ತು. ಇಷ್ಟು ದೂರ ಓಡಿ ಬಂದದ್ದು ತನ್ನನ್ನು ಕೂಡಿಹಾಕಿದವರಿಗೇ ಕೈ ಎತ್ತಲೆಂದೇ? "ಆಯ್ತು," ಎಂದಳು.

ಮಹದೇವು ಆಟೋವನ್ನು ಗಾಳಿಯಂತೆ ಓಡಿಸಿದ. ಪಾಲಿಕೆಯ ಬಾಗಿಲಲ್ಲಿ ಸುಂದರೇಶ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಅವಳು ರೆಸಾರ್ಟಿನಿಂದ ಓಡಿಬಂದ ಸುದ್ದಿ ಆಗಲೇ ಹಬ್ಬಿತ್ತು. ಸಭೆಯೊಳಗೆ ಅನುಪಮಾ ಕಡೆಯವರು "ಹುಲಿ ಬಂತು, ಹುಲಿ!" ಎಂದು ಮೇಜು ಕುಟ್ಟಿದರು.

ಚುನಾವಣಾಧಿಕಾರಿ ಮೊದಲು ಅನುಪಮಾ ಹೆಸರು ಕರೆದರು. ಮೂವತ್ತೈದು ಕೈ ಎದ್ದವು. ಪುಟ್ಟತಾಯಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕುಳಿತಿದ್ದಳು. ಸುದರ್ಶನನ ಹೆಸರು ಕರೆದಾಗ ಬಲಗೈ ನೇರ ಮೇಲಕ್ಕೆತ್ತಿದಳು.

"ರೆಸಾರ್ಟ್ ಊಟ ಚೆನ್ನಾಗಿತ್ತೇನಮ್ಮ?" ಎಂದು ಯಾರೋ ಕಿರುಚಿದರು. ಅವಳ ಕೈ ಇಳಿಯಲಿಲ್ಲ. ನೌಕರ ಸಾಲು ಸಾಲಾಗಿ ಎಣಿಸುತ್ತ ಬಂದು ಸಹಿ ತೆಗೆದುಕೊಂಡ. ಮೂವತ್ತೇಳು. ಅವಳು ಆ ಕಡೆ ಹೋಗಿದ್ದರೆ ಸಮಸಮವಾಗಿ ಚೀಟಿ ಎತ್ತಬೇಕಾಗುತ್ತಿತ್ತು.

ಪಟಾಕಿ ಸದ್ದಿನ ನಡುವೆ ಸುಂದರೇಶ ಹಲ್ಲು ಕಿರಿಯುತ್ತ ಬಂದ. "ಇದಕ್ಯಾಕಮ್ಮ ಓಡೋಗಿದ್ದು? ಅಲ್ಲೇ ಇದ್ದಿದ್ರೆ ಆಗ್ತಿರ್ಲಿಲ್ವಾ?"

"ನಮ್ಮ ಮೆಸ್ಸಲ್ಲಿ ಮೂವತ್ನಾಲ್ಕು ಜನ ಸುದರ್ಶನಂಗೆ ಓಟು ಹಾಕವ್ರೆ. ಅವ್ರನ್ನ ನೀನು ಕಾರಲ್ಲಿ ಕರ್ಕೊಂಡೋಗಿದ್ಯೇನಪ್ಪ?" ಎಂದು ಕೇಳಿದಳು. "ಮಾದೇವಮ್ಮ ನಿನ್ನ ಹುಡುಕ್ತಾವ್ಳೆ, ಬೈಯಕ್ಕೆ. ಉಷಾರು."

ಮೆಟ್ಟಿಲಲ್ಲಿ ಅನುಪಮಾ ಎದುರಾದರು. ಪುಟ್ಟತಾಯಮ್ಮನೇ ಹತ್ತಿರ ಹೋದಳು.

"ನಾಳೆ ಬೆಳಗ್ಗೆ ಮೆಸ್ಸಿಗೆ ಬನ್ನಿ ಮೇಡಂ. ಇಪ್ಪತ್ತೊಂಬತ್ತು ಜನ ನಿಮ್ಮ ಕಡೇನೇ ಅವ್ರೆ. ಇನ್ನೊಂದು ಮೂರು ಜನಾನ ನೀವು ಒಪ್ಪಿಸಿದ್ದಿದ್ರೆ ಇವತ್ತು ನನ್ನ ಕೈ ನಿಮಗೇ ಏಳ್ತಿತ್ತು."