ದಂಡದ ಕಾಗದದಲ್ಲಿದ್ದ ಮುಖ

ದೆವ್ವ, ಗಾಳಿ, ಮಾಟ ಎಂದು ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ನಮ್ಮ ಮನೆಯಲ್ಲಿ ಹೂ ಕಟ್ಟಲು ಕೂತ ಹೆಂಗಸರಲ್ಲಿ ಒಬ್ಬಳಾದರೂ ಪುಣಜನೂರು ಕಾಡಿನ ರಸ್ತೆಯ ಕಥೆ ತೆಗೆಯುತ್ತಾಳೆ. ಬಿಳಿ ಸೀರೆಯವಳೊಬ್ಬಳು ಲಾರಿಗೆ ಕೈ ಅಡ್ಡ ಹಾಕಿದಳಂತೆ, ಡ್ರೈವರಿಗೆ ಮೂರು ದಿನ ಜ್ವರವಂತೆ. "ಈಗ ಹೆಂಗಸ್ರಿಗೆ ಬಸ್ಸೇ ಫ್ರೀ ಅಲ್ವಾ, ಅವ್ಳ್ಯಾಕೆ ಲಾರಿ ಅಡ್ಡ ಹಾಕ್ತಾಳೆ? ದಾರ ಬಿಗಿಯಾಗಿ ಎಳೀರಮ್ಮಿ" ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ. ಹೆದರಿಕೊಳ್ಳುವುದಕ್ಕೆ ಬೇರೆ ಏನೂ ಇಲ್ಲದವರು ಕಟ್ಟಿಕೊಳ್ಳುವ ಸುಳ್ಳು ಅದು ಎಂದೇ ತಿಳಿದಿದ್ದೆ. ಈಗಲೂ ಆ ಕಥೆಗಳನ್ನು ನಾನು ನಂಬುವುದಿಲ್ಲ. ಆದರೆ ನನಗೆ ಆದದ್ದೊಂದಿದೆ. ಅದು ಅಮಾವಾಸ್ಯೆಯ ರಾತ್ರಿ ಆದದ್ದಲ್ಲ. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ ಆದದ್ದು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅಂದ ಮಾಡಿ ಬರೆಯಲು ಬಾರದು. ಇದನ್ನು ಓದಿ ನೀವು ನಕ್ಕರೆ ಬೇಸರವಿಲ್ಲ. ನಾನಾಗಿದ್ದರೂ ನಗುತ್ತಿದ್ದೆ.

ಗುಂಡ್ಲುಪೇಟೆಯಲ್ಲಿ ಮದುವೆ ಮನೆಗಳಿಗೆ ಹೂವಿನ ಕೆಲಸ ಮಾಡಿ ನಾನು ಬದುಕುವುದು. ತವರು ಬೇಗೂರು. ಅಲ್ಲಿ ಅವ್ವ, ತಮ್ಮ ಮಾದೇಶ, ಅವನ ಹೆಂಡತಿ ಶೋಭ ಇದ್ದಾರೆ. ಹೊಲ ಭಾಗವಾದಾಗ ನಾನು ಪಾಲು ಕೇಳಲಿಲ್ಲ. ಮಾದೇಶ "ನಿನ್ನ ಬರಿಗೈಲಿ ಕಳಸಲ್ಲ ಕನಾ ಅಕ್ಕ" ಎಂದು ಹಳೆಯ ವ್ಯಾನೊಂದನ್ನು ತನ್ನ ಹೆಸರಿಗೆ ಕೊಂಡು ತಂದು ನನ್ನ ಮನೆ ಮುಂದೆ ನಿಲ್ಲಿಸಿದ. ಹೆಸರು ಬದಲಾಯಿಸೋಣ ಎನ್ನುತ್ತಲೇ ಎರಡು ವರ್ಷ ಕಳೆದವು. ನನ್ನ ಗಂಡನಿಗೆ ಸೈಕಲ್ಲಿನ ಆಚೆ ಏನೂ ಬರದು. ಹಾಗಾಗಿ ಭಾನುವಾರಗಳಲ್ಲಿ ಕೂರಿಸಿಕೊಂಡು ಓಡಿಸುವುದನ್ನು ನನಗೆ ಕಲಿಸಿದವನೂ ಮಾದೇಶನೇ.

ನಾನು ಪುಕ್ಕಲು ಡ್ರೈವರು. ಮುಳ್ಳು ನಲವತ್ತು ದಾಟಿದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. "ಅಕ್ಕಾ, ಹಿಂದ್ಗಡೆ ಹಸ ಹಾರನ್ ಹೊಡೀತಾ ಅದೆ, ಸೈಡ್ ಕೊಡು" ಎಂದು ಮಾದೇಶ ಹಂಗಿಸುತ್ತಿದ್ದ. ನನ್ನ ಕೈಯಲ್ಲಿ ಆಗ ಇದ್ದದ್ದು ಕಲಿಯುವವರಿಗೆ ಕೊಡುವ ಎಲ್‌ಎಲ್‌ಆರ್ ಮಾತ್ರ. ಅಂದರೆ ಪಕ್ಕದಲ್ಲಿ ಲೈಸೆನ್ಸ್ ಇರುವವರೊಬ್ಬರು ಕೂತಿರಲೇಬೇಕು. ಆರ್ಡರ್ ಇದ್ದ ದಿನ ಮಾದೇಶ ರಜೆ ಹಾಕಿ ಬರುತ್ತಿದ್ದ. ಅವನು ಗುಂಡ್ಲುಪೇಟೆಯಲ್ಲೇ ಒಂದು ಕಚೇರಿಯ ಜೀಪಿಗೆ ಗುತ್ತಿಗೆ ಡ್ರೈವರು. ಏಳು ವರ್ಷದಿಂದ ಅದೇ ಕೆಲಸ, ಅದರ ಮೇಲೇ ಮನೆ ನಡೆಯುತ್ತಿತ್ತು.

ಆ ದಿನ ಚಾಮರಾಜನಗರದ ಒಂದು ಛತ್ರಕ್ಕೆ ಧಾರೆಯ ಹಾರ ತಲುಪಿಸಬೇಕಿತ್ತು. ಮಾದೇಶ ಹಿಂದಿನ ದಿನವೇ ಹೇಳಿದ್ದ: "ಈ ತಿಂಗ್ಳು ಗುತ್ಗೆ ಮುಂದುವರ್ಸೋ ತಿಂಗ್ಳು ಕನಾ ಅಕ್ಕ. ಒಂದಿನ ರಜ ಹಾಕುದ್ರೂ ಮೇಲ್ನವ್ರು ಕಣ್ ಬುಡ್ತಾರೆ. ಬಾಡ್ಗೆ ಡ್ರೈವರ್ನ ಕರ್ಕೊಂಡೋಗು, ಒಬ್ಳೇ ಓಗ್ಬ್ಯಾಡ." ಬಾಡಿಗೆಯವನಿಗೆ ಹೇಳಿದ್ದೆ. ಒಂಬತ್ತೂಕಾಲಾದರೂ ಅವನು ಬರಲಿಲ್ಲ, ಫೋನನ್ನೂ ಎತ್ತಲಿಲ್ಲ. ಮುಹೂರ್ತ ಹನ್ನೊಂದಕ್ಕೆ. ಹಾರ ಬರದೆ ಧಾರೆ ನಿಂತಿತು ಎಂದರೆ ಆಮೇಲೆ ಯಾವ ಮದುವೆಯ ಮನೆಯೂ ನನ್ನನ್ನು ಒಳಗೆ ಬಿಡುವುದಿಲ್ಲ. ನಾನೇ ಕೀ ತೆಗೆದುಕೊಂಡೆ.

ನಮ್ಮ ಕಸುಬಿನಲ್ಲಿ ಧಾರೆಯ ಹಾರಕ್ಕೆ ಒಂದು ಕಟ್ಟಳೆ ಇದೆ. ಅದನ್ನು ಕಾಲು ಇಡುವ ಜಾಗದಲ್ಲಿ ಇಡಬಾರದು, ಮೂಸಬಾರದು, ಯಾರಾದರೂ ಮಡಿಲಲ್ಲಿ ಇಟ್ಟುಕೊಂಡೇ ಒಯ್ಯಬೇಕು. ಓಡಿಸುವವಳಿಗೆ ಮಡಿಲೆಲ್ಲಿ? ಹಾರವಿದ್ದ ಬಿದಿರಿನ ಕುಕ್ಕೆಯನ್ನು ಎಡಗಡೆಯ ಸೀಟಿನಲ್ಲಿಟ್ಟು ಸೀಟ್ ಬೆಲ್ಟ್ ಬಿಗಿದೆ. ಇದನ್ನು ಚೆನ್ನಾಗಿ ನೆನಪಿಟ್ಟುಕೊಂಡೇ ಹೇಳುತ್ತಿದ್ದೇನೆ. ಕುಕ್ಕೆ ಎಡಗಡೆಯ ಸೀಟಿನಲ್ಲಿತ್ತು, ಸ್ಟೇರಿಂಗ್ ನನ್ನ ಕೈಯಲ್ಲಿತ್ತು, ವ್ಯಾನಿನಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ.

ತೆರಕಣಾಂಬಿ ದಾಟಿ ಒಂದಷ್ಟು ದೂರದ ಮೇಲೆ ಇಳಿಜಾರು, ನೆಟ್ಟಗಿನ ರಸ್ತೆ. ಹೊತ್ತಾಯಿತೆಂಬ ಗಾಬರಿಯಲ್ಲಿ ಕಾಲು ಒತ್ತಿದ್ದು ಗೊತ್ತಾಗಲಿಲ್ಲ. ಮುಳ್ಳು ಎಂಬತ್ತು ದಾಟಿದ್ದನ್ನು ನೋಡಿದ್ದೂ, ಹೊಸದಾಗಿ ನೆಟ್ಟಿದ್ದ ಕ್ಯಾಮೆರಾ ಕಂಬದ ಮೇಲೆ ಬೆಳಕು ಮಿಣಕ್ಕೆಂದದ್ದೂ ಒಟ್ಟಿಗೆ. ಹಾರ ಹೊತ್ತಿಗೆ ಸರಿಯಾಗಿ ತಲುಪಿತು. ಛತ್ರದಲ್ಲಿ ಪಾಯಸ ಕೊಟ್ಟರು. ಕುಡಿಯದೆ ಇಟ್ಟು ಹೊರಟೆ.

ಆಮೇಲಿನ ದಿನಗಳನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ದಂಡ ಬರುತ್ತದೋ ಇಲ್ಲವೋ ಎಂಬುದೊಂದೇ ಯೋಚನೆ. ಬೆಳಕು ಮಿಣುಕಿತ್ತೋ, ಬಿಸಿಲು ಗಾಜಿಗೆ ಹೊಡೆದದ್ದೋ? ಯಾರದೋ ಸಂಗತಿ ಎಂದು ನಾಟಕವಾಡಿ ಟೀ ಅಂಗಡಿಯಲ್ಲಿ ಕೇಳಿದೆ. "ಎಲ್‌ಎಲ್‌ಆರ್ನಲ್ಲಿ ಒಬ್ರೇ ಓಡ್ಸುದ್ರಾ? ಗಾಡಿ ಸೀಜು, ಓನರ್ ಮೇಲೂ ಕೇಸು" ಎಂದ ಒಬ್ಬ. ಏನೂ ಗೊತ್ತಿಲ್ಲದವನ ಬಾಯಲ್ಲಿ ಎಷ್ಟೊಂದು ಕಾನೂನು! ಗೊತ್ತಿದ್ದೂ ನಾನು ನಂಬಿದೆ. ಮೆಸೇಜು ಬಂದರೆ ಮಾದೇಶನ ಫೋನಿಗೇ ಬರುತ್ತದೆ, ವ್ಯಾನು ಅವನ ಹೆಸರಿನಲ್ಲಿದೆಯಲ್ಲ. ಆದ್ದರಿಂದ ಸಂಜೆ ಅವನು ಕೆಲಸ ಮುಗಿಸಿ ಊರಿಗೆ ಹೋಗುವ ಮುಂಚೆ ದಿನವೂ ಟೀಗೆ ಕರೆಯತೊಡಗಿದೆ. ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಫೋನು ತೆಗೆದು ನೋಡುವುದು. "ಏನಕ್ಕ, ಈಚೀಚ್ಗೆ ಪ್ರೀತಿ ಉಕ್ತಾ ಅದೆ" ಎಂದು ಅವನು ನಗುತ್ತಿದ್ದ. ಹದಿನೈದು ದಿನದ ಮೇಲೆ ಮೆಸೇಜು ಬಂದೇ ಬಂತು. ಒತ್ತಿ ನೋಡಿ ಎಂದು ಕೆಳಗೆ ನೀಲಿ ಅಕ್ಷರದಲ್ಲಿ ಏನೋ ಇತ್ತು. ನಾನು ಅದನ್ನು ಒತ್ತಲಿಲ್ಲ, ಅಳಿಸಿಬಿಟ್ಟೆ. ಅಳಿಸಿದರೆ ಮುಗಿಯಿತು ಎಂದುಕೊಂಡ ಬುದ್ಧಿ ನನ್ನದು. ದೆವ್ವದ ಕಥೆ ಹೇಳುವವರನ್ನು ದಡ್ಡರೆಂದು ನಗುತ್ತಿದ್ದವಳು ನಾನೇ.

ಒಂದು ಭಾನುವಾರ ಮಧ್ಯಾಹ್ನ ಬೇಗೂರಿಗೆ ಹೋಗಿದ್ದೆ. ಜಗುಲಿಯಲ್ಲಿ ಮಾದೇಶ ಅಂಚೆಯಲ್ಲಿ ಬಂದ ಕಾಗದ ಹಿಡಿದು ಕೂತಿದ್ದ. ಅವ್ವ, ಶೋಭ ಇಬ್ಬರೂ ಅಲ್ಲೇ ಇದ್ದರು.

"ಸ್ಪೀಡಾಗಿ ಓಡ್ಸಿದ್ದೀರಿ ಅಂತ ದಂಡ ಹಾಕವ್ರೆ. ಚಾಮ್ರಾಜ್ನಗರದ ರಸ್ತೇಲಿ, ಹತ್ಗಂಟೇಲಿ. ಅಕ್ಕಾ, ಅವತ್ತು ಯಾರು ಓಡ್ಸಿದ್ದು?"

ನಾನೇ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಬೈಯುತ್ತಿದ್ದ, ಅಷ್ಟೇ. ಆದರೆ ಎಲ್‌ಎಲ್‌ಆರ್, ಸೀಜು, ಕೇಸು, ಅಳಿಸಿದ ಮೆಸೇಜು ಎಲ್ಲ ಒಟ್ಟಿಗೆ ತಲೆಗೆ ಬಂದವು. ನನ್ನ ಬಾಯಿಂದ ಬಂದದ್ದು ಇದು:

"ನೀನೇ ಅಲ್ವೇನ್ಲಾ. ಮರ್ತೋಯ್ತಾ?"

ಅವನ ಮುಖಕ್ಕೇ ಹೇಳಿದೆ. ಅದಕ್ಕಿಂತ ನಾಚಿಕೆಗೆಟ್ಟ ಸುಳ್ಳನ್ನು ನಾನು ಯಾರ ಬಾಯಲ್ಲೂ ಕೇಳಿಲ್ಲ. ಮಾದೇಶ ಗಟ್ಟಿಯಾಗಿ ನಕ್ಕ. "ಥೂ ನಿನ್ನ! ನಾನು ಆಪೀಸ್ನಲ್ಲಿ ಜೀಪೊಳ್ಗೆ ಬಿದ್ಕೊಂಡಿದ್ದೆ. ಸಾಯೇಬ್ರು ಮೀಟಿಂಗು ಅಂತ ಬ್ಯಾರೆ ಗಾಡೀಲಿ ಓಗಿದ್ರು." ಅವ್ವ, "ಯಾರೋ ಒಬ್ರು ಓಡ್ಸವ್ರೆ ಬುಡ್ರಪ್ಪ, ಕಟ್ಟಿ ಕೈ ತೊಳ್ಕಳಿ" ಎಂದಳು. ಅಷ್ಟರಲ್ಲಿ ಶೋಭ ಕಾಗದದ ಎರಡನೇ ಹಾಳೆ ಬಿಡಿಸಿ ಬೆಳಕಿಗೆ ಹಿಡಿದಿದ್ದಳು.

"ಇದ್ಯಾಕೆ ಇಂಗಂತೀರಿ? ಇದು ನೀವೇ ಅಲ್ವಾ? ಪಕ್ದಲ್ಲಿ ಅತ್ಗೆ ಅವ್ರೆ."

ಹಾಳೆಯಲ್ಲಿ ವ್ಯಾನಿನ ಮುಂಭಾಗದ ಫೋಟೋ ಇತ್ತು. ಸ್ಟೇರಿಂಗಿನ ಹಿಂದೆ ಮಾದೇಶ ಕೂತಿದ್ದ. ಕಚೇರಿಯ ಬಿಳಿ ಅಂಗಿ, ಹೆಗಲ ಮೇಲೆ ಟವಲು, ಬಲಗೈ ಮೊಣಕೈ ಕಿಟಕಿಯ ಮೇಲೆ. ಅವನು ಓಡಿಸುವುದೇ ಹಾಗೆ. ಎಡಗಡೆ ನಾನು, ಅವತ್ತು ಉಟ್ಟಿದ್ದ ಹಸಿರು ಸೀರೆಯಲ್ಲಿ. ಹಾರದ ಕುಕ್ಕೆ ನನ್ನ ಮಡಿಲಲ್ಲಿತ್ತು.

ಮಾದೇಶ ಹಾಳೆಯನ್ನು ಹತ್ತಿರ ಹಿಡಿದ, ದೂರ ಹಿಡಿದ, ಹಿಂದೆ ತಿರುಗಿಸಿ ನೋಡಿದ. ಆಮೇಲೆ ನನ್ನನ್ನು ನೋಡಿದ. ನನಗೆ ಭಯವಾಗಿತ್ತು. ಆದರೆ ನಿಜ ಹೇಳಿಬಿಡುತ್ತೇನೆ, ಆ ಭಯದ ಅಡಿಯಲ್ಲಿ ಒಂದು ಚೂರು ನೆಮ್ಮದಿಯೂ ಇತ್ತು. ನನ್ನ ಸುಳ್ಳಿಗೆ ಸಾಕ್ಷಿ ಸಿಕ್ಕಿತ್ತು.

ದಂಡ ಕಟ್ಟಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವನು ಸುಮ್ಮನಿರುವ ಜಾತಿಯವನಲ್ಲ. ಗುತ್ತಿಗೆ ಕೊಡುವ ಏಜೆನ್ಸಿಯವರು ಮುಂದುವರಿಸುವ ಮುಂಚೆ ಡ್ರೈವರುಗಳ ಮೇಲೆ ಕೇಸು ಇದೆಯೇ ಎಂದು ನೋಡುತ್ತಾರಂತೆ. ಅವರಿಗೆ ತಾನೇ ಮೊದಲು ತಿಳಿಸಬೇಕು, ಕ್ಯಾಮೆರಾ ತಪ್ಪು ಮಾಡಿದೆ, ಆ ಹೊತ್ತು ತಾನು ಡ್ಯೂಟಿಯಲ್ಲಿದ್ದೆ ಎಂದು ಹಾಜರಿ ಪುಸ್ತಕ ತೋರಿಸಿ ರುಜುವಾತು ಮಾಡಬೇಕು ಎಂದು ಹೊರಟ. ಹೋಗುವ ಹಿಂದಿನ ಸಂಜೆ ನನ್ನ ಮನೆಗೆ ಬಂದ.

"ಅಕ್ಕ, ನೀನೂ ಬಾ. ಅವತ್ತು ಏನಾಯ್ತೋ ಅದ್ನ ಯೋಳು. ಇನ್ನೇನೂ ಬ್ಯಾಡ."

ನಾನು ಕನಕಾಂಬರ ಕಟ್ಟುತ್ತಿದ್ದೆ. ತಲೆ ಎತ್ತದೆ, "ನಾಳೆ ಆರ್ಡರ್ ಅದೆ ಕಣ್ಲಾ" ಎಂದೆ. ಮರುದಿನ ಯಾವ ಆರ್ಡರೂ ಇರಲಿಲ್ಲ.

ಏಜೆನ್ಸಿಯ ಮೇಲ್ವಿಚಾರಕ ಹಾಜರಿ ಪುಸ್ತಕವನ್ನೂ ಫೋಟೋವನ್ನೂ ಅಕ್ಕಪಕ್ಕ ಇಟ್ಟನಂತೆ. "ಸೈನು ಆಫೀಸಿನಲ್ಲಿ, ಆಸಾಮಿ ರೋಡಿನಲ್ಲಿ. ಸೈನ್ ಹಾಕಿದ್ದು ಯಾರಪ್ಪ, ನಿಮ್ಮಜ್ಜನಾ?" ಎಂದನಂತೆ. ಡ್ಯೂಟಿಯ ಹೊತ್ತಿನಲ್ಲಿ ಸ್ವಂತ ಬಾಡಿಗೆ ಹೊಡೆದ ಎಂದು ತೀರ್ಮಾನವಾಯಿತು. ತನ್ನ ಕೈಯಾರೆ ಒಯ್ದ ಕಾಗದವೇ ಅವನ ಕೆಲಸ ತಿಂದಿತು. ಆ ಮೇಲ್ವಿಚಾರಕನನ್ನು ಬಹಳ ದಿನ ಬೈದುಕೊಂಡೆ. ಬೈಯಲು ಒಬ್ಬ ಸಿಕ್ಕಿದ್ದು ನನಗೆ ಅನುಕೂಲವೇ ಆಯಿತು.

ಆಮೇಲೆ ಸಲಹೆಗಾರರು ಹುಟ್ಟಿಕೊಂಡರು. ಸ್ಟುಡಿಯೋದವನಿಗೆ ಫೋಟೋ ತೋರಿಸಿ, ಎಡಬಲ ತಿರುಗಿ ಬಂದಿರಬಹುದೇ ಎಂದು ಕೇಳಿದೆ. ಅವನು ದೊಡ್ಡ ವಿದ್ವಾಂಸನಂತೆ ಕನ್ನಡಕ ಏರಿಸಿ, "ಹೌದೌದು, ಕೆಲವು ಕ್ಯಾಮೆರಾ ಹಂಗೇ" ಎಂದ. ತಿರುಗಿದ್ದರೆ ನಂಬರ್ ಪ್ಲೇಟೂ ತಿರುಗಬೇಕಿತ್ತಲ್ಲ, ಅದು ನೆಟ್ಟಗಿತ್ತು. ತಿರುಗಿದರೂ ಇಲ್ಲದ ಮಾದೇಶ ಎಲ್ಲಿಂದ ಬಂದ? ಕವಡೆ ಹಾಕುವವನೊಬ್ಬ ನನ್ನ ಮುಖವನ್ನೂ ನೋಡದೆ ತವರಿನ ದೇವರಿಗೆ ಹರಕೆ ಬಾಕಿ ಇದೆ ಎಂದ. ಬಾಕಿ ಇಲ್ಲದ ಮನೆ ಎಲ್ಲಿದೆ? ಇಬ್ಬರಲ್ಲಿ ಯಾರು ದೊಡ್ಡ ಮೋಸಗಾರ ಎಂದು ಯೋಚಿಸುತ್ತ ಮನೆಗೆ ಬಂದು, ಇಬ್ಬರಿಗೂ ನಿಜ ಹೇಳದೆ ಉತ್ತರ ಕೇಳಿದ ನನ್ನನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೂತೆ.

ಮಾದೇಶ ಈಗ ಬಾಳೆಕಾಯಿ ಲಾರಿ ಓಡಿಸುತ್ತಾನೆ. ಕಾಡು ದಾಟಿ ಕೇರಳಕ್ಕೆ ಹೋದರೆ ಎರಡು ದಿನ, ಮೂರು ದಿನ. ಮೈ ಇಳಿದಿದೆ. ಶೋಭ ನನ್ನೊಡನೆ ಚೆನ್ನಾಗಿಯೇ ಮಾತಾಡುತ್ತಾಳೆ. ಬೈದಿದ್ದರೆ ಸುಲಭವಾಗುತ್ತಿತ್ತು.

ಮೊನ್ನೆ ಬೇಗೂರಿಗೆ ಹೋದಾಗ ಅವನೊಬ್ಬನೇ ಊಟಕ್ಕೆ ಕೂತಿದ್ದ. ನಾನು ಬಡಿಸುತ್ತ, ಎಲ್ಲವನ್ನೂ ಹೇಳಿಬಿಟ್ಟೆ. ಬಾಡಿಗೆಯವನು ಬಾರದ್ದು, ಒಬ್ಬಳೇ ಹೋದದ್ದು, ಮೆಸೇಜು ಅಳಿಸಿದ್ದು, ನೀನೇ ಎಂದು ಸುಳ್ಳು ಹೇಳಿದ್ದು, ಆರ್ಡರ್ ಇಲ್ಲದೆ ಇದೆ ಎಂದದ್ದು. ಬೈಗುಳಕ್ಕೆ ಕಾಯುತ್ತ ನಿಂತೆ. ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿ, ಚಿಕ್ಕವರಿದ್ದಾಗ ನನ್ನನ್ನು ನೋಡುತ್ತಿದ್ದ ಹಾಗೆಯೇ ನೋಡಿದ.

"ಬುಡಕ್ಕ. ನನ್ ಕೆಲ್ಸ ಓಯ್ತು ಅಂತ ನೀನ್ಯಾಕೆ ತಲ್ಮೇಲೆ ಎಳ್ಕತೀಯೆ? ನಾನೇ ಕನಾ ಓಡ್ಸಿದ್ದು. ಮೊದಮೊದ್ಲು ಗ್ಯಾನ ಇರ್ನಿಲ್ಲ, ಈಗ ಎಲ್ಲಾ ಗ್ಯಾನ ಬತ್ತಾ ಅದೆ. ಆ ಇಳಿಜಾರ್ನಲ್ಲಿ ನೀನು ಅಳ್ತಾ ಇದ್ದೆ. 'ಲೋ ಮಾದೇಶ, ನೀನು ಪಕ್ದಲ್ಲಿ ಇರ್ಬಾರ್ದಾಗಿತ್ತಾ' ಅಂದೆ. ಪಕ್ದಲ್ಲೇ ಕೂತಿವ್ನಲ್ಲಾ, ಇವಳಿಗೇನಾಯ್ತು ಅಂತ ನಂಗೆ ನಗು ಬತ್ತು."

ಆ ಇಳಿಜಾರಿನಲ್ಲಿ ನಾನು ಅತ್ತದ್ದು ನಿಜ. ಗಾಜು ಏರಿಸಿದ ವ್ಯಾನಿನೊಳಗೆ, ಒಬ್ಬಳೇ, ಗಟ್ಟಿಯಾಗಿ ಆ ಮಾತನ್ನು ಆಡಿದ್ದೂ ನಿಜ. ಅದನ್ನು ನಾನು ಈ ಹೊತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಅವನಿಗೆ ಎಲ್ಲವನ್ನೂ ಹೇಳುವಾಗಲೂ, ನಾಚಿಕೆಗೆ, ಅದೊಂದನ್ನು ಬಿಟ್ಟಿದ್ದೆ.

ಅವನು ತಮಾಷೆ ಮಾಡುತ್ತಿದ್ದಾನೆಯೇ ಎಂದು ಮುಖ ನೋಡಿದೆ. ಇಲ್ಲ. ಅಕ್ಕ ತನಗಾಗಿ ಸುಳ್ಳು ಹೇಳುತ್ತಿದ್ದಾಳೆ ಎಂದು ಅವನ ಕಣ್ಣು ತುಂಬಿತ್ತು. ಅಲ್ಲ ಕಣ್ಲಾ, ನಾನು ಹೇಳಿದ್ದೇ ನಿಜ ಎಂದು ಇನ್ನೊಂದು ಸಲ ಹೇಳಬಹುದಿತ್ತು. ಬಾಯಿಯವರೆಗೂ ಬಂತು.

"ಹೂಂ" ಎಂದೆ. ಅವನು ತಟ್ಟೆಯನ್ನು ಮುಂದಕ್ಕೆ ಸರಿಸಿ, "ಇನ್ನೊಂಚೂರು ಸಾರು ಬುಡು" ಎಂದ.