ವಲ್ಲಿ ಕೆಳಗ ಮನಿ ವ್ಯಾಪಾರ

ಸೊಲ್ಲಾಪುರದ ಗಿರಣಿಯೊಳಗ ಕೆಲಸ ಕಮ್ಮಿಯಾಗಿ, ಅಕ್ಕಲಕೋಟದಾಗೂ ಮನಿ ಕೊಳ್ಳಾವರು ಇಲ್ಲದಂಗಾಗಿತ್ತು. ಚಾದರ ಮಾರಾಕ ಅಲ್ಲಿಗೆ ಹೋಗಿದ್ದ ನನಗ ಮಾಲು ಇಡಾಕ ಒಂದು ಖೋಲಿ ಬಾಡಿಗಿಗೆ ಬೇಕಿತ್ತು. ತನ್ನ ಮನಿ ಕಟ್ಟಿ ಮ್ಯಾಲ ಕುಂತಿದ್ದ ಒಬ್ಬ ಮುದುಕಗ, "ಯಜಮಾನ್ರ, ಈ ಮನಿ..." ಅನ್ನೂದ್ರಾಗ ಆತ ನನ್ನ ಕೈ ಹಿಡದು ಮ್ಯಾಲ ತನ್ನ ಹೆಗಲಿನ ವಲ್ಲಿ ಹೊಚ್ಚಿದ. ಜನ್ಮವೆಲ್ಲಾ ಎತ್ತಿನ ದಲಾಲಿ ಮಾಡಿದಾಂವ.

"ಸುಮ್ನಿರ್ರಿ. ಧಾರಣಿ ಓಣಿಗೆ ಗೊತ್ತಾಗಬಾರದು."

ಎತ್ತಿನ ಸಂತ್ಯಾಗ ಹಂಗs, ಬಾಯಿಲೆ ಮಾತಿಲ್ಲ, ಹಿಡದ ಬೆರಳೊಂದಕ್ಕ ನೂರು ರೂಪಾಯಿ. ಐದ್ನೂರಕ್ಕ ಮನಿ ಸಿಗೂ ಕಾಲ ಅದು; ಆತ ಐದೂ ಬೆರಳು ಹಿಡದ. ಸುಮ್ನಿರು ಅಂದಾನಲ್ಲ, ನಾ ಸುಮ್ನಿದ್ದೆ. ಒಂದು ಬೆರಳು ಬಿಟ್ಟ. ನಾ ಬೆವರು ಒರಸಿಕೊಂಡೆ, ಮತ್ತೊಂದು ಬಿಟ್ಟ. "ಭಾರಿ ಗಟ್ಟಿ ಗಿರಾಕಿ ಬಿಡ್ರಿ ನೀವು" ಅಂತ ಗೊಣಗಿ ಎರಡಕ್ಕ ಇಳದ.

"ನಾ ಬಾಡಿಗಿ ಖೋಲಿ ಕೇಳಾಕ ಬಂದೀನ್ರಿ!" ಅಂದು ಕೈ ಜಗ್ಗಿಕೊಂಡೆ.

ಎದುರು ಮನಿಯಾಂವ ಎಲ್ಲಾ ನೋಡಾಕತ್ತಿದ್ದ. ವಲ್ಲಿಯೊಳಗಿಂದು ಅವಗ ಹೆಂಗ ತಿಳೀತೋ, ಎದ್ದು ಬಂದು ತನ್ನ ವಲ್ಲಿ ಹೊಚ್ಚಿ ನನ್ನ ಕಿರಿಬೆರಳೊಂದs ಹಿಡದ.

ಓಣಿ ದಾಟೂತನಕ ಎರಡೂ ಕೈ ಕಿಸೇದಾಗ ಇಟಗೊಂಡು ನಡದೆ. ಇನ್ನೊಬ್ಬಾಂವ ಸಿಕ್ಕಿದ್ದರ ಪುಕ್ಕಟ ಮನಿ ಗಂಟುಬೀಳತಿತ್ತು.