ಅಕ್ಕ ಹೊಗಳಿದ ಪುಸ್ತಕ

ದೊಡ್ಡ ರಜೆ ಹತ್ತಿರ ಬಂತೆಂದರೆ ಆ ಬೀದಿಯ ಜನಕ್ಕೆ ಬೈಗುಳ ಓದುವ ಚಪಲ ಹುಟ್ಟುತ್ತದೆ. ಬೈಯುವವಳು ಪುಸ್ತಕದಂಗಡಿಯ ಅಕ್ಕ. ಕ್ಷೌರದಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ, ಹಿಂದೊಮ್ಮೆ ಹಾಲಿನ ಡಿಪೋ ಆಗಿದ್ದ ಉದ್ದನೆಯ ಕೋಣೆ ಅವಳ ಅಂಗಡಿ. ಒಳಗೆ ಇಬ್ಬರು ಎದುರಾಬದುರಾದರೆ ಒಬ್ಬರು ಕವಿತೆಯ ಕಪಾಟಿನ ಕಡೆ ಸರಿದುಕೊಳ್ಳಬೇಕು. ಅಲ್ಲಿ ಯಾವಾಗಲೂ ಜಾಗ ಇರುತ್ತದೆ, ಯಾಕೆಂದರೆ ಅಲ್ಲಿಗೆ ಯಾರೂ ತಾವಾಗಿ ಹೋಗುವುದಿಲ್ಲ. ಬಿಸಿಲೇರಿದರೆ ನೆಲದಿಂದ ಈಗಲೂ ಹುಳಿ ಹಾಲಿನ ವಾಸನೆ ಏಳುತ್ತದೆ. ಹೊಸ ಗಿರಾಕಿ ಮೂಗು ಮುಚ್ಚಿಕೊಂಡರೆ, "ಅದು ಹಳೇ ಸಾಹಿತ್ಯದ್ದು, ಸ್ವಲ್ಪ ಹೊತ್ತಿಗೆ ಅಭ್ಯಾಸ ಆಗುತ್ತೆ," ಅನ್ನುತ್ತಾಳೆ ಅಕ್ಕ.

ಅಂಗಡಿ ಮೊದಲು ಅವಳ ಅಪ್ಪನದಾಗಿತ್ತು. ಅಪ್ಪನನ್ನು ಸ್ಮಶಾನಕ್ಕೆ ಕಳಿಸಿಕೊಟ್ಟು ಬಂದ ಮರುದಿನವೇ ಅವಳು ಷಟರು ಎತ್ತಿ, ಅವರ ಸ್ಟೂಲಿನ ಮೇಲೆ ಕೂತು, ಬೆರಳನ್ನು ನಾಲಗೆಗೆ ಮುಟ್ಟಿಸಿ ಪುಟ ತಿರುವಿದ ಗಿರಾಕಿಯೊಬ್ಬನ ನೀರಿಳಿಸಿದಳು. ಅವಳ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಎದೆ ಅಲ್ಲ ಕಣಪ್ಪ, ಬಂಡೆ, ಎಂದು ಬೀದಿ ಆಡಿಕೊಂಡಿತು. ಬೀದಿಗೆ ಬೇರೇನು ಕೆಲಸ.

ಅಕ್ಕನ ಗಂಡನಾದ ತಪ್ಪಿಗೆ ಅವಳ ಯಜಮಾನ ಬೀದಿಗೆಲ್ಲ ಭಾವ. ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವ ಕೆಲಸ ಅವನದು. ಊರಿನ ಮನೆಗಳ ಮುಂಬಾಗಿಲು ಕಂಡವರು ಬೇಕಾದಷ್ಟು ಜನ. ಹಿತ್ತಲು ಕಂಡವನು ಭಾವ ಒಬ್ಬನೇ. ಅಕ್ಕ ಓದಿ ಮುಗಿಸಿದ್ದನ್ನೆಲ್ಲ ಅವನೂ ಓದುತ್ತಿದ್ದ. ಆಮೇಲೆ ಊಟಕ್ಕೆ ಕೂತರೆ ಜಗಳ. ನಾಯಕಿ ಆ ಪೆದ್ದನನ್ನು ಯಾಕೆ ಮದುವೆಯಾಗಬೇಕಿತ್ತು ಎಂದು ಅವಳು, ಪೆದ್ದನಿಗೂ ಒಂದು ಮನಸ್ಸು ಇರುತ್ತದೆ ಕಣೇ ಎಂದು ಅವನು. ಮಕ್ಕಳಿಲ್ಲದ ಮನೆ ಹೀಗೆ ಸದಾ ಗಲಗಲ ಅನ್ನುತ್ತಿತ್ತು.

ರಜೆ ಶುರುವಾಗುವ ಮುಂಚೆ ಅಕ್ಕ ಅಂಗಡಿಯ ಬಾಗಿಲಿಗೆ ಒಂದು ಮೇಜು ಹಾಕುತ್ತಾಳೆ. ರಜೆಯಲ್ಲಿ ಏನು ಓದಬೇಕು ಎಂದು ಕೇಳಿ ಕೇಳಿ ತಲೆ ತಿನ್ನುವವರಿಗೆ ಅದೇ ಉತ್ತರ. ಮೇಜಿನ ಮೇಲಿನ ಒಂದೊಂದು ಪುಸ್ತಕಕ್ಕೂ ಅಂಗಿ ಡಬ್ಬಿಯ ರಟ್ಟು ಕತ್ತರಿಸಿ ಮಾಡಿದ ಚೀಟಿ, ಅದಕ್ಕೊಂದು ಬಟ್ಟೆ ಒಣಹಾಕುವ ಕ್ಲಿಪ್ಪು. ಒಂದು ದಪ್ಪ ಪತ್ತೇದಾರಿ ಕಾದಂಬರಿಗೆ ಬರೆದದ್ದು ಹೀಗಿತ್ತು: "ಕೊಲೆ ಮಾಡಿದವನು ಯಾರೆಂದು ನನಗೆ ಅರ್ಧಕ್ಕೇ ಗೊತ್ತಾಯಿತು. ಪತ್ತೇದಾರನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ರೈಲಿನಲ್ಲಿ ಕೂತು ಒಬ್ಬ ದಡ್ಡನನ್ನು ಬೈಯುತ್ತಾ ಹೋಗಬೇಕೆನ್ನುವವರಿಗೆ ತಕ್ಕದ್ದು." ಒಂದು ಪ್ರೇಮಕಥೆಗೆ: "ಇವರಿಬ್ಬರೂ ಮೊದಲ ದಿನವೇ ಬಾಯಿಬಿಟ್ಟಿದ್ದರೆ ನನ್ನ ಭಾನುವಾರ ಉಳಿಯುತ್ತಿತ್ತು. ಅತ್ತೂ ಅತ್ತೂ ಮೂಗು ಕಟ್ಟಿದೆ. ಲೇಖಕಿಗೆ ಕರುಣೆ ಇಲ್ಲ." ಮಕ್ಕಳ ಪುಸ್ತಕವೊಂದಕ್ಕೆ: "ಇರುವೆಗಳ ಕಥೆ. ಮಕ್ಕಳ ಕೈಗೆ ಕೊಡುವ ಮೊದಲು ನೀವು ಓದಿಕೊಳ್ಳಿ, ಆಮೇಲೆ ಸಿಗುವುದಿಲ್ಲ." ಕೈತೋಟದ ಪುಸ್ತಕಕ್ಕೆ: "ಫೋಟೋದಲ್ಲಿರುವ ಟೊಮೇಟೊ ನಿಮ್ಮ ಕುಂಡದಲ್ಲಿ ಬರುವುದಿಲ್ಲ. ನನಗೂ ಬರಲಿಲ್ಲ. ಆದರೆ ಸೋತ ಬಗೆಯನ್ನು ಇವನಷ್ಟು ಚೆನ್ನಾಗಿ ಯಾರೂ ಬರೆದಿಲ್ಲ."

ಬೈಗುಳ ಎಷ್ಟು ಉದ್ದವೋ ಪುಸ್ತಕ ಅಷ್ಟು ಬೇಗ ಖಾಲಿ.

ಅಕ್ಕ ಹೊಗಳುವುದೂ ಉಂಟು, ಆದರೆ ಅದರ ಕಥೆ ಬೇರೆ. ಪ್ರಕಾಶಕರ ಕಡೆಯ ಏಜೆಂಟರು ಬಂದು, ಮೇಡಂ ನಮ್ಮದಕ್ಕೂ ಒಂದು ಮಾತು ಬರೀರಿ ಎಂದು ಜೀವ ತಿನ್ನುತ್ತಾರೆ. ಎಲ್ಲವನ್ನೂ ಓದಲು ಹೊತ್ತೆಲ್ಲಿ? ಓದದೆ ಬೈಯುವುದು ಪಾಪ ಎಂದು ಅಪ್ಪ ಹೇಳಿಕೊಟ್ಟಿದ್ದರು. ಹಾಗಾಗಿ ಓದದ ಪುಸ್ತಕಕ್ಕೆಲ್ಲ ಅವಳದು ಒಂದೇ ಮಂತ್ರ: "ಅತ್ಯುತ್ತಮ ಕೃತಿ. ಎಲ್ಲರೂ ಓದಲೇಬೇಕು." ಏಜೆಂಟ್ ಕುಣಿದುಕೊಂಡು ಹೋಗುತ್ತಾನೆ, ಪುಸ್ತಕ ಕೂತಲ್ಲೇ ಕೂತು ಧೂಳು ತಿನ್ನುತ್ತದೆ. ಈ ಗುಟ್ಟನ್ನು ಬೀದಿಗೆ ಹಂಚಿದವನು ಭಾವನೇ. "ಬೈದಿದ್ರೆ ಓದಿದಾಳೆ ಅಂತ. ಹೊಗಳಿದ್ರೆ ಮುಟ್ಟೂ ನೋಡಿಲ್ಲ ಅಂತ," ಎಂದು ಕ್ಷೌರದ ಕುರ್ಚಿಯಲ್ಲಿ ಕೂತು, ಗಲ್ಲದ ತುಂಬ ನೊರೆ ಹಚ್ಚಿಸಿಕೊಂಡು, ಭಾಷಣ ಮಾಡಿದ್ದ.

ಅಂಥ ಭಾವ ನಿವೃತ್ತನಾದ. ಎಲ್ಲರೂ ನಿವೃತ್ತರಾಗುತ್ತಾರೆ, ಗಿಡ ನೆಡುತ್ತಾರೆ, ಹೆಂಡತಿಯ ಡಬ್ಬಿಗಳನ್ನು ಜೋಡಿಸಿಡಲು ಹೋಗಿ ಬೈಸಿಕೊಳ್ಳುತ್ತಾರೆ. ಇವನು ಒಂದು ಪುಸ್ತಕ ಬರೆದ. ಮೀಟರ್ ನೋಡಲು ಹೋದ ಮನೆಗಳ ಕಥೆಗಳು. ಹೆಸರು "ಗೇಟು ಹಾಕಿಕೊಂಡು ಹೋಗಿ". ಜೀವಮಾನವಿಡೀ ಜನ ಅವನಿಗೆ ಹೇಳಿದ ಮಾತೇ ಅದು. ಮದುವೆ ಪತ್ರಿಕೆ ಅಚ್ಚು ಹಾಕುವ ಗೆಳೆಯ ಅಚ್ಚು ಹಾಕಿಕೊಟ್ಟ. ಮೊದಲ ಪ್ರತಿಯನ್ನು ಭಾವ ಅಕ್ಕನ ದಿಂಬಿನ ಪಕ್ಕ ಇಟ್ಟು, ಹಲ್ಲುಜ್ಜಲು ಹೋಗಿ ಬಹಳ ಹೊತ್ತು ಉಜ್ಜಿದ.

ಅಕ್ಕ ತೆರೆಯಲಿಲ್ಲ. ಅವಳಿಗೆ ಹೆದರಿಕೆಯಾಯಿತು, ಅಷ್ಟೇ. ಒಂದು ನಲ್ಲಿಯ ವಿಷಯ ಹೇಳಲು ಊಟವಿಡೀ ತೆಗೆದುಕೊಳ್ಳುವ ಮನುಷ್ಯ, ಜೋಕು ಮುಗಿಯುವ ಮೊದಲೇ ತಾನೇ ನಗುವವನು. ಇವನು ಬರೆದದ್ದು ಕೆಟ್ಟದಾಗಿದ್ದರೆ? ಊರಿನ ಯಾವ ಲೇಖಕನಿಗೆ ಏನು ಹೇಳಿದರೂ ಅವಳಿಗೆ ನಿದ್ದೆ ಬರುತ್ತದೆ. ಆದರೆ ಈ ಲೇಖಕ ಪಕ್ಕದಲ್ಲೇ ಮಲಗುತ್ತಾನೆ. ಸುಳ್ಳು ಹೇಳಲು ನಾಲಗೆ ಬರುವುದಿಲ್ಲ, ನಿಜ ಹೇಳಲು ಮನಸ್ಸು ಬರುವುದಿಲ್ಲ. ಪುಸ್ತಕ ಅವಳಿಗೆ ಬಾಯಲ್ಲಿನ ಬಿಸಿತುಪ್ಪವಾಯಿತು. "ಓದ್ತೀನಿ ರೀ, ರಜೆ ಗಲಾಟೆ ಮುಗೀಲಿ," ಎಂದು ದಿನ ತಳ್ಳಿದಳು. ಭಾವ ಸರಿ ಎಂದ. ಹಿತ್ತಲ ಗಿಡ ಮದ್ದಲ್ಲ ಎಂದು ಒಮ್ಮೆ ಕನ್ನಡಿಗೆ ಹೇಳಿಕೊಂಡದ್ದು ಅವಳಿಗೂ ಕೇಳಿಸಿತು.

ಮೇಜು ಹಾಕುವ ದಿನ ಅವನು ಒಂದು ಕಟ್ಟು ಪುಸ್ತಕ ತಂದಿಟ್ಟು ಹೋದ. ಅಕ್ಕ ಅದನ್ನು ಮೇಜಿನ ನಟ್ಟನಡುವೆ ಒಪ್ಪವಾಗಿ ಪೇರಿಸಿದಳು. ಚೀಟಿಗೆ ಒಳ್ಳೆಯ ರಟ್ಟು ಆರಿಸಿದಳು, ಸುತ್ತ ಬಳ್ಳಿಯ ಅಂಚು ಬರೆದಳು. ಆಮೇಲೆ ಏನು ಬರೆಯುವುದು? ಅಷ್ಟರಲ್ಲಿ ಗಿರಾಕಿಗಳು ಬಂದು ನಿಂತರು. ಅಭ್ಯಾಸವಾದ ಕೈ ಓಡಿತು: "ಅತ್ಯುತ್ತಮ ಕೃತಿ. ಎಲ್ಲರೂ ಓದಲೇಬೇಕು." ಜೀವನದಲ್ಲಿ ಮೊದಲ ಸಲ ಆ ಸಾಲನ್ನು ಅವಳು ಮನಸಾರೆ ಬರೆದಿದ್ದಳು. ಪ್ರೀತಿಯಿಂದಲೇ ಬರೆದಿದ್ದಳು. ಚೀಟಿಯಲ್ಲಿ ಅದು ಕಾಣುವಂತಿರಲಿಲ್ಲ.

ಭಾವ ಎಂದಿನಂತೆ ಚಹಾದ ಫ್ಲಾಸ್ಕು ಹಿಡಿದು ಬಂದ. ಮೇಜಿನ ಮುಂದೆ ನಿಂತ. ಓದಿದ. ಫ್ಲಾಸ್ಕನ್ನು ಮೇಜಿನ ಮೇಲಿಟ್ಟು, ತಾನು ಕುಡಿಯದೆ ಮನೆಗೆ ಹೋದ.

ಆ ದಿನ ಊಟಕ್ಕೆ ಕೂತಾಗ ಅಕ್ಕ ಬಡಿಸಿದಳು. ಭಾವ ತಟ್ಟೆಗೆ ಕೈ ಇಡುವ ಮೊದಲೇ, "ಅತ್ಯುತ್ತಮ ಊಟ. ಎಲ್ಲರೂ ಉಣ್ಣಲೇಬೇಕು," ಎಂದ. ಮುಖದಲ್ಲಿ ನಗು ಇರಲಿಲ್ಲ. ಅಕ್ಕ ಮಾತು ತಿರುಗಿಸಲು ಪತ್ತೇದಾರಿ ಪುಸ್ತಕ ಎತ್ತಿದಳು. ಕೊಲೆ ಮಾಡಿದವನು ಯಾರೆಂದು ನಿಮಗೆ ಯಾವಾಗ ಗೊತ್ತಾಯಿತು ಎಂದು ಕೇಳಿದಳು. "ಅತ್ಯುತ್ತಮ ಕೊಲೆ," ಎಂದ ಭಾವ. ಅಲ್ಲಿಂದ ಮನೆಯಲ್ಲಿ ಜಗಳ ನಿಂತುಹೋಯಿತು. ಎರಡು ಹೊತ್ತೂ ಹೊಗಳಿಕೆ. ಏನು ಮುನಿಸು ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದೆ ಎಂದು ಒಪ್ಪಿಕೊಂಡರೆ ಪುಸ್ತಕ ತೆರೆಯಬೇಕಾಗುತ್ತಿತ್ತು.

ಮೇಜಿನ ಮೇಲೆ ಉಳಿದದ್ದೆಲ್ಲ ಕರಗುತ್ತಾ ಬಂತು. ಇರುವೆಗಳು ಖಾಲಿ, ಟೊಮೇಟೊ ಖಾಲಿ. ನಟ್ಟನಡುವಿನ ಪೇರಿಕೆ ಮಾತ್ರ ಇಟ್ಟಷ್ಟೇ ಇತ್ತು. ರಜೆಗೆ ಮುಂಚಿನ ಕೊನೆಯ ದಿನ ಕ್ಷೌರದವನು ಕತ್ತರಿ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದ.

"ಅಕ್ಕಾ, ಒಂದು ಮಾತು ಕೇಳ್ಲಾ? ಭಾವನ ಪುಸ್ತಕ ನೀವು ಓದಿಲ್ಲ, ಅಲ್ವಾ?"

"ಯಾರು ಹೇಳಿದ್ದು?"

"ನೀವೇ ಬರ್ದು ನೇತು ಹಾಕಿದೀರಲ್ಲ. ಅಂಚು ಬೇರೆ ಕಟ್ಟಿ. ಬೀದಿಗೆಲ್ಲ ಗೊತ್ತು. ಭಾವ ಇವತ್ತು ಸಂಜೆ ಚೀಲ ತಗೊಂಡು ಬರ್ತಾರಂತೆ. ಎಲ್ಲಾ ರದ್ದಿಯವನಿಗೆ ಅಂತೆ. ಇನ್ನು ಮೇಲೆ ಬರೆಯೋ ಗೋಜಿಗೆ ಹೋಗಲ್ಲ ಅಂದ್ರು. ನಾನು ಅವರ ಗಡ್ಡ ಕೆರೀತಾ ಇದ್ದೆ, ಏನೂ ಹೇಳಕ್ಕಾಗ್ಲಿಲ್ಲ."

ಅಕ್ಕ ಎದ್ದಳು. ವ್ಯಾಪಾರದ ಸುಗ್ಗಿಯ ದಿನ, ನಡು ಮಧ್ಯಾಹ್ನ, ಗಿರಾಕಿಗಳನ್ನೆಲ್ಲ ಹೊರಗೆ ತಳ್ಳಿ ಷಟರನ್ನು ಮೊಣಕಾಲೆತ್ತರಕ್ಕೆ ಎಳೆದಳು. ಅಪ್ಪ ಹೋದಾಗ ಮುಚ್ಚಿದ್ದು ಬಿಟ್ಟರೆ ಆ ಅಂಗಡಿ ಹಾಗೆ ಮುಚ್ಚಿದ್ದಿಲ್ಲ. ಬೀಗದ ಕೈಯವನು ಏನಾಯಿತೆಂದು ಬಗ್ಗಿ ನೋಡಿ ಅವಳ ಕಾಲು ಮಾತ್ರ ಕಂಡ.

ಸ್ಟೂಲಿನ ಮೇಲೆ ಕೂತು ಅಕ್ಕ ಓದಿದಳು. ಮೊದಲ ಪುಟಗಳಲ್ಲೇ ಅವಳ ಹೆದರಿಕೆ ನಿಜವಾಯಿತು. ನಾಯಿಗಳ ಮೇಲೆ ಮೂರು ಅಧ್ಯಾಯ, ಕಚ್ಚಿದ್ದು ಒಂದೇ ನಾಯಿ. ಆಶ್ಚರ್ಯದ ಚಿಹ್ನೆಯನ್ನು ಗೊಬ್ಬರ ಚೆಲ್ಲಿದ ಹಾಗೆ ಚೆಲ್ಲಿದ್ದ. ಪೆನ್ಸಿಲು ಹಿಡಿದು ಗೀಚುತ್ತಾ, "ಥೂ, ಇಲ್ಲೂ ಮೊದಲೇ ನಕ್ಕುಬಿಟ್ಟ," ಎಂದು ಗೊಣಗುತ್ತಾ ಸಾಗಿದಳು. ಸಾಗುತ್ತಾ ಎಲ್ಲೋ ಒಂದು ಕಡೆ ಗೊಣಗುವುದು ಮರೆತುಹೋಯಿತು. ಗೋಡೆಯ ಒಂದೇ ಮೀಟರಿಗೆ ಜಗಳವಾಡುವ ಅಣ್ಣತಮ್ಮಂದಿರು, ಮಾತಾಡಲು ಜನ ಸಿಗಲೆಂದು ಮೀಟರ್ ಕೆಟ್ಟಿದೆ ಎಂದು ದೂರು ಕೊಡುವ ಮುದುಕ. ಗಂಡ ಇಷ್ಟೆಲ್ಲ ಕಂಡಿದ್ದನೇ ಎಂದುಕೊಳ್ಳುತ್ತಿರುವಾಗ ಏಳನೆಯ ಅಧ್ಯಾಯ ಬಂತು.

"ಒಬ್ಬ ಮನೆಯೊಡತಿಯ ಕಥೆ ಕೇಳಿ," ಎಂದು ಶುರು ಮಾಡಿದ್ದ ಭಾವ. "ಈಕೆ ಹಳೇ ಪುಸ್ತಕ ಮುಟ್ಟಿದರೆ ಮೊಣಕೈವರೆಗೆ ತೊಳೆಯುತ್ತಾಳೆ. ಬಚ್ಚಲಿಗೆ ಕಾದಂಬರಿ ಒಯ್ಯುತ್ತಾಳೆ, ನಲ್ಲಿ ನಿಲ್ಲಿಸುವುದು ಮರೆಯುತ್ತಾಳೆ. ಪತ್ತೇದಾರಿಯ ತಿಂಗಳು ಬಿಲ್ಲು ಜಾಸ್ತಿ, ಕವಿತೆಯ ತಿಂಗಳು ಕಡಿಮೆ. ಮೀಟರ್ ನೋಡಿಯೇ ಆಕೆ ಏನು ಓದುತ್ತಿದ್ದಾಳೆಂದು ನಾನು ಹೇಳಬಲ್ಲೆ." ಹೀಗೇ ಪುಟಗಟ್ಟಲೆ ಬೈದಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಕ್ಕ ತನ್ನ ಮೊಣಕೈ ನೋಡಿಕೊಂಡಳು. ಸಿಟ್ಟೂ ಬಂತು, ನಗೂ ಬಂತು. ಪುಟ ತಿರುವಿದಳು.

"ಆಕೆಯ ಅಪ್ಪ ಹೋದ ತಿಂಗಳು ಮೀಟರ್ ಎರಡರಷ್ಟು ಓಡಿತ್ತು. ಪೈಪು ಒಡೆದಿರಬೇಕೆಂದು ಗೋಡೆಗೆ ಕಿವಿ ಇಟ್ಟು ನೋಡಿದೆ. ಎಲ್ಲೂ ಸೋರಿಕೆ ಇಲ್ಲ. ಬಚ್ಚಲ ಬಾಗಿಲು ಹಾಕಿ, ನಲ್ಲಿ ಪೂರಾ ಬಿಟ್ಟುಕೊಂಡು ಅತ್ತರೆ ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಈಕೆಯ ಎಣಿಕೆ. ಜನರ ಕಿವಿಗೆ ಗೊತ್ತಾಗುವುದಿಲ್ಲ, ನಿಜ. ಮೀಟರಿಗೆ ಗೊತ್ತಾಗುತ್ತದೆ. ಅಳುವವರು ಕೆಳಗೆ ಒಂದು ಬಕೆಟ್ಟಾದರೂ ಇಡಬಾರದೇ? ಅಷ್ಟೂ ನೀರು ದಂಡ."

ಅಂಗಡಿಯಲ್ಲಿ ನಲ್ಲಿ ಇಲ್ಲ. ಅಕ್ಕ ಧೂಳು ಒರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಪಕ್ಕದಲ್ಲಿ ಕ್ಷೌರದವನಿಗೆ ಸದ್ದು ಕೇಳಿರಬೇಕು, ಪಾಪ, ರೇಡಿಯೋ ಜೋರು ಮಾಡಿದ. ಅವಳಿಗೆ ತುಂಬ ನಾಚಿಕೆಯಾಗಿತ್ತು. ಬೈಯುವುದೆಂದರೆ ಓದಿದ್ದೇನೆ ಎಂದು ಅರ್ಥ, ಅದು ಅವಳೇ ಕಟ್ಟಿದ ಕಾನೂನು. ಆ ಕಾನೂನಿನ ಪ್ರಕಾರ ಗಂಡ ತನ್ನನ್ನು ಒಂದಕ್ಷರ ಬಿಡದೆ ಓದಿದ್ದ. ತಾನು ಅವನ ಪುಸ್ತಕದ ಮೊದಲ ಪುಟಕ್ಕೂ ಹೆದರಿ ಕೂತಿದ್ದಳು.

ಬಳ್ಳಿಯ ಅಂಚಿನ ಚೀಟಿಯನ್ನು ಹರಿದುಹಾಕಿ, ಕೈಗೆ ಸಿಕ್ಕ ರಟ್ಟಿನ ಮೇಲೆ ಬರೆಯತೊಡಗಿದಳು. ಒಂದು ಬದಿ ಸಾಲದೆ ಹಿಂಬದಿಗೂ ಹೋಯಿತು.

ಭಾವ ಚೀಲ ಹಿಡಿದು ಬರುವಾಗ ಷಟರು ಪೂರಾ ಎತ್ತಿಯಾಗಿತ್ತು. ಮೇಜಿನ ಮುಂದೆ ನಾಲ್ಕು ಜನ ಒಬ್ಬರ ಹೆಗಲ ಮೇಲೊಬ್ಬರು ಬಾಗಿ ಓದುತ್ತಾ ನಗುತ್ತಿದ್ದರು. ಕ್ಷೌರದವನು ಆಗಲೇ ಒಂದು ಪ್ರತಿ ಬಗಲಿಗೆ ಇಟ್ಟುಕೊಂಡಿದ್ದ. ಭಾವನನ್ನು ಕಂಡು ಎಲ್ಲರೂ ದಾರಿ ಬಿಟ್ಟರು. ಅವನು ಕನ್ನಡಕ ಹಾಕಿಕೊಂಡು ಓದಿದ.

"ನಾಯಿಗೆ ಮೂರು ಅಧ್ಯಾಯ ಅತಿಯಾಯಿತು. ನಾಯಿಗಳೂ ಓದಲಾರವು. ಲೇಖಕ ಜೋಕು ಹೇಳುವ ಮೊದಲೇ ನಗುತ್ತಾನೆ, ಮನೆಯಲ್ಲೂ ಹೀಗೆಯೇ. ಆಶ್ಚರ್ಯದ ಚಿಹ್ನೆ ಯಾರಿಗಾದರೂ ಬೇಕಿದ್ದರೆ ಇವನಲ್ಲಿ ಕೇಳಿ ಪಡೆಯಿರಿ. ಮುದುಕನ ಕಥೆಯನ್ನು ಸರಿಯಾಗಿ ಮುಗಿಸಿಲ್ಲ, ಅವನು ಆಮೇಲೆ ಏನಾದನೆಂದು ನನಗೆ ಇವತ್ತೇ ತಿಳಿಯಬೇಕು." ಭಾವ ಚೀಟಿ ತಿರುವಿದ. "ಏಳನೆಯ ಅಧ್ಯಾಯದಲ್ಲಿ ಒಬ್ಬ ಮರ್ಯಾದಸ್ಥ ಹೆಂಗಸಿನ ಮಾನ ಕಳೆದಿದ್ದಾನೆ. ಅದರಲ್ಲೂ ಒಂದು ತಪ್ಪಿದೆ. ಬಕೆಟ್ಟು ಇಟ್ಟಿದ್ದೆ. ತುಂಬಿ ಹರಿಯಿತು."

ಭಾವ ಕೊನೆಯ ಸಾಲನ್ನು ಮತ್ತೆ ಓದಿದ. ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಒಳಗೆ ಬಂದು, ಕವಿತೆಯ ಕಪಾಟಿಗೆ ಒರಗಿ ನಿಂತ. ಅಕ್ಕ ಚಿಲ್ಲರೆ ಹುಡುಕುವವಳ ಹಾಗೆ ಡ್ರಾಯರಿನಲ್ಲಿ ತಲೆ ಹಾಕಿದ್ದಳು.

"ಯಾವ ಬಕೆಟ್ಟು?" ಎಂದ ಭಾವ. "ನೀಲೀದಾ?"

"ಹ್ಞೂಂ. ನೀಲೀದೇ."

"ಅದು ಚಿಕ್ಕದಾಯ್ತು ಕಣೇ," ಎಂದ. "ನನ್ನ ಕರೀಬೇಕಿತ್ತು. ದೊಡ್ಡದು ಅಟ್ಟದ ಮೇಲಿತ್ತು."